ಟೀಚರ್ ಇಂಜಿನ್ ಬಿಚ್ಚಿಸಿದ ವರ್ಷ

ಈ ಸಲದ ಆಯುಧಪೂಜೆಯಲ್ಲಿ ನಮ್ಮ ಕಾಲೇಜಿನ ಗಾಡಿ ನಿಲ್ಲಿಸುವ ಜಾಗದಲ್ಲಿ ಯಾರೋ ಸ್ಕೂಟರಿನ ಮುಂದೆ ಕರ್ಪೂರ ಹಚ್ಚಿದರು. ಪಕ್ಕದ ಬೈಕಿನಿಂದ ಒಂದಿಷ್ಟು ಪೆಟ್ರೋಲು ಸೋರಿತ್ತೋ ಏನೋ, ಎರಡು ವಾಸನೆಗಳೂ ಒಟ್ಟಿಗೆ ಮೂಗಿಗೆ ಬಡಿದವು. ನಾನು ಹಿಂದೆ ಹಿಂದೆ ಸರಿದು ಗೋಡೆಗೆ ಆತು ನಿಂತಿದ್ದು ನನಗೇ ಗೊತ್ತಾಗಲಿಲ್ಲ. ಜೊತೆಯ ಅಧ್ಯಾಪಕಿಯೊಬ್ಬರು, "ಯಾಕ್ ಮೇಡಂ, ಪ್ರಸಾದ ಬೇಡ್ವಾ?" ಎಂದು ನಕ್ಕರು. ನಾನೂ ನಕ್ಕೆ. ಅವರಿಗೆ ಅದು ಹಬ್ಬದ ವಾಸನೆ. ನನಗೆ ಟೀಚರ್ ಮನೆಯ ಅಂಗಳ, ಎತ್ತಿದ ಬಾನೆಟ್ಟು, ರೇಷ್ಮೆ ಸೀರೆಯುಟ್ಟು ತಟ್ಟೆ ಹಿಡಿದು ನಿಂತ ಚಿಕ್ಕಮ್ಮ...

ಎನ್.ಆರ್. ಕಾಲೋನಿಯಲ್ಲಿ ನಾವು ಬಾಡಿಗೆಗಿದ್ದಾಗ ಟೀಚರದು ಎದುರುಮನೆ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ನಾನು ಅವರ ವಿದ್ಯಾರ್ಥಿನಿಯಲ್ಲ, ಆದರೂ ಬೀದಿಯವರೆಲ್ಲರ ಹಾಗೆ ನಾನೂ ಟೀಚರ್ ಎಂದೇ ಕರೆಯುತ್ತಿದ್ದೆ. ಅವರ ತಂಗಿ ಗಂಡ ತೀರಿಕೊಂಡ ಮೇಲೆ ಅಕ್ಕನ ಜೊತೆಗೇ ಬಂದಿದ್ದವರು. ಅವರು ನಮಗೆಲ್ಲ ಚಿಕ್ಕಮ್ಮ. ಅಕ್ಕ ಸಣ್ಣಗೆ ಉದ್ದಕ್ಕೆ, ಮಾತು ಕಡಿಮೆ. ತಂಗಿ ಗಿಡ್ಡಕ್ಕೆ ದುಂಡಗೆ, ಅಕ್ಕ ಆಡದೆ ಬಿಟ್ಟ ಮಾತನ್ನೂ ಸೇರಿಸಿ ಆಡುತ್ತಿದ್ದವರು. ಮೂರನೆಯದು ಕಾರು.

ಅದು ನಾನು ಹುಟ್ಟುವುದಕ್ಕೆ ಮೊದಲೇ ರಸ್ತೆಗಿಳಿದಿದ್ದ ಇಂಗ್ಲಿಷ್ ಕಾರು. ಬೆನ್ನು ದುಂಡಗೆ, ಬಣ್ಣ ಕಂದು. ಬೀದಿಯ ಮಕ್ಕಳು ಅದಕ್ಕೆ ಬೆಲ್ಲದಚ್ಚು ಎಂದು ಹೆಸರಿಟ್ಟಿದ್ದರು. ಟೀಚರ್ ಅದನ್ನು ಕೊಂಡಿದ್ದು ತಮ್ಮ ಶಾಲೆ ಬಿಟ್ಟು ಊರಿಗೆ ಹೊರಟ ಮುಖ್ಯೋಪಾಧ್ಯಾಯಿನಿಯಿಂದ. ಆಗ ಆ ಬೀದಿಯಲ್ಲಿ ಹೆಂಗಸರು ಕಾರು ಓಡಿಸುವುದಿರಲಿ, ಮುಂದಿನ ಸೀಟಿನಲ್ಲಿ ಕೂರುವುದೂ ಅಪರೂಪವಾಗಿತ್ತಂತೆ. ಟೀಚರ್ ಗೇಟಿನಿಂದ ಕಾರನ್ನು ಹಿಂದಕ್ಕೆ ತೆಗೆಯುವುದನ್ನು ನೋಡಲು ಜನ ಹಲ್ಲುಜ್ಜುತ್ತಲೇ ಹೊರಗೆ ಬರುತ್ತಿದ್ದರಂತೆ.

ನಾನು ಕಂಡ ಕಾಲಕ್ಕೆ ಬೆಲ್ಲದಚ್ಚಿನ ಮುಖ್ಯ ಕೆಲಸ ಭಾನುವಾರದ ಕಲಾಸಿಪಾಳ್ಯ. ಅಕ್ಕತಂಗಿಯರಿಬ್ಬರೂ ಬೆಳಗಾಗುತ್ತಲೇ ಹೋಗಿ ಸೀಟಿನ ಮೇಲೆ, ಸೀಟಿನ ಕೆಳಗೆ, ಡಿಕ್ಕಿಯಲ್ಲಿ ತರಕಾರಿ ತುಂಬಿಕೊಂಡು ಬರುತ್ತಿದ್ದರು. ಇಬ್ಬರಿಗೆ ಅಷ್ಟು ಸೋರೆಕಾಯಿ ಯಾಕೆ ಬೇಕು ಎಂದು ಯಾರೂ ಕೇಳುತ್ತಿರಲಿಲ್ಲ. ಯಾಕೆಂದರೆ ಅದರಲ್ಲಿ ಅರ್ಧ ಬೀದಿಯ ಪಾಲಿತ್ತು. ಚಿಕ್ಕಮ್ಮ ಮನೆಮನೆಗೂ ಹಂಚುತ್ತಾ, ಒಂದೊಂದು ಮನೆಯ ಅಡಿಗೆಯ ಕುಂದನ್ನೂ ಹೇಳಿ ಹೋಗುತ್ತಿದ್ದರು.

ಆದರೆ ಇಂಜಿನ್ ಸೋತಿತ್ತು. ಒಳಗಿನ ಪಿಸ್ಟನ್ನು, ರಿಂಗುಗಳೆಲ್ಲ ಸವೆದು ಎಣ್ಣೆ ಕುಡಿಯುತ್ತಿತ್ತು. ಹೋದಲ್ಲೆಲ್ಲ ಹಿಂದೆ ನೀಲಿ ಹೊಗೆ. ಗಾಂಧಿಬಜಾರಿನ ಹೂವಿನಾಕೆ ದೂರದಲ್ಲಿ ಈ ಕಾರು ಕಂಡರೆ ಮಲ್ಲಿಗೆಯ ಬುಟ್ಟಿಗೆ ಒದ್ದೆ ಬಟ್ಟೆ ಮುಚ್ಚುತ್ತಿದ್ದುದನ್ನು ನಾನೇ ನೋಡಿದ್ದೇನೆ. ಬೆಳಗಿನ ಚಳಿಯಲ್ಲಂತೂ ಪೆಟ್ರೋಲನ್ನು ತಾನಾಗಿ ಎಳೆದುಕೊಳ್ಳುವ ಶಕ್ತಿಯೂ ಅದಕ್ಕಿರಲಿಲ್ಲ. ಟೀಚರ್ ಅದಕ್ಕೊಂದು ಉಪಾಯ ಮಾಡಿಕೊಂಡಿದ್ದರು. ದೇವರ ಮನೆಯಿಂದ ಹೊರಗಾಗಿದ್ದ ಒಂದು ಹಳೆಯ ತಾಮ್ರದ ಉದ್ಧರಣೆ, ತೀರ್ಥ ಕೊಡುವ ಪುಟ್ಟ ಚಮಚ. ಪುಟ್ಟ ಚೊಂಬಿನಲ್ಲಿ ಪೆಟ್ರೋಲು ಇಟ್ಟುಕೊಂಡು, ಬಾನೆಟ್ ಎತ್ತಿ, ಕಾರ್ಬ್ಯುರೇಟರಿನ ಬಾಯಿಗೆ ಆ ಉದ್ಧರಣೆಯಿಂದ ಒಂದಿಷ್ಟು ಬಿಡುತ್ತಿದ್ದರು. ಆಮೇಲೆ ಸೀಟಿಗೆ ಹೋಗಿ ಕೂತು ಸ್ಟಾರ್ಟರ್ ಒತ್ತಿದರೆ ಕೆಮ್ಮಿ ಕೆಮ್ಮಿ ಏಳುತ್ತಿತ್ತು. "ತೀರ್ಥ ಆಯ್ತಾ?" ಎಂದು ಚಿಕ್ಕಮ್ಮ ಒಳಗಿನಿಂದ ಕೂಗುವುದು ನಮ್ಮ ಮನೆಗೆ ಕೇಳುತ್ತಿತ್ತು. ಬೀದಿಗೆಲ್ಲ ಅದೊಂದು ತಮಾಷೆಯಾಗಿತ್ತು. ಅಪಾಯ ಎಂದು ಯಾರಿಗೂ ಅನಿಸಿರಲಿಲ್ಲ...

ಅವರ ಮನೆಯ ಆಯುಧಪೂಜೆಗೆ ಒಂದು ಕ್ರಮವಿತ್ತು. ಅರಿಶಿನ ಕುಂಕುಮ ಹೊರಗಿನ ತಗಡಿಗಲ್ಲ, ದುಡಿಯುವ ಇಂಜಿನ್ನಿಗೇ ಆಗಬೇಕು ಎಂದು ಟೀಚರಿಗೆ ಹಟ. ಅದೂ ಇಂಜಿನ್ ಓಡುತ್ತಿರುವಾಗ ಆರತಿ ಆಗಬೇಕು. ಹಾಗಾಗಿ ಪ್ರತಿವರ್ಷ ಬಾನೆಟ್ ಎತ್ತಿಯೇ ಪೂಜೆ, ಆಮೇಲೆ ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸುವುದು. ಆ ವರ್ಷ ರಾಹುಕಾಲ ಬರುವುದರೊಳಗೆ ಮುಗಿಸಬೇಕೆಂದು ಚಿಕ್ಕಮ್ಮ ಅವಸರ ಮಾಡುತ್ತಿದ್ದರು. ನಾನು ಅವರಿಗೆ ಮಲ್ಲಿಗೆ ಕೊಡಲೆಂದು ಬಂದು ಗೇಟಿನ ಬಳಿ ನಿಂತಿದ್ದೆ. ತೀರ್ಥ ಕೊಟ್ಟಿದ್ದಾಯಿತು, ಇಂಜಿನ್ ಎದ್ದಿತು. ಚಿಕ್ಕಮ್ಮ ಕರ್ಪೂರ ಹಚ್ಚಿದರು. ಹಚ್ಚಿದ್ದೇ ತಡ, ಇಂಜಿನ್ ನಿಂತುಹೋಯಿತು.

ಹಚ್ಚಿದ ಕರ್ಪೂರವನ್ನು ಊದಿ ಆರಿಸುವ ಹಾಗಿಲ್ಲ. ಅದು ಉರಿದು ಹೋಗುವುದರೊಳಗೆ ಇಂಜಿನ್ ಏಳಬೇಕು. ಟೀಚರ್ ಇಳಿದು ಬಂದು, ಅಳತೆ ನೋಡದೆ ಎರಡು ಮೂರು ಉದ್ಧರಣೆ ಸುರಿದು, ಚೊಂಬನ್ನು ಅಲ್ಲೇ ಇಂಜಿನ್ ಪಕ್ಕದ ತಗಡಿನ ಮೇಲಿಟ್ಟು, ಓಡಿಹೋಗಿ ಸ್ಟಾರ್ಟರ್ ಒತ್ತಿದರು. ಚಿಕ್ಕಮ್ಮ ತಟ್ಟೆ ಹಿಡಿದು ಮುಂದಕ್ಕೆ ಬಾಗಿದರು. ಭುಸ್ ಎಂದು ಒಂದು ಸದ್ದು. ದೊಡ್ಡ ಸದ್ದೇನಲ್ಲ, ಗ್ಯಾಸ್ ಒಲೆ ತಡವಾಗಿ ಹತ್ತಿಕೊಂಡರೆ ಬರುತ್ತದಲ್ಲ, ಅಷ್ಟೇ. ಮರುಗಳಿಗೆ ಬಾನೆಟ್ಟಿನ ಕೆಳಗೆಲ್ಲ ಬೆಂಕಿ. ಚೊಂಬು ಉರುಳಿ ಮಡ್‌ಗಾರ್ಡಿನ ಮೇಲೂ ಜ್ವಾಲೆ ಹರಿಯಿತು. ಚಿಕ್ಕಮ್ಮ ಕದಲಲಿಲ್ಲ. ಆರತಿ ಎತ್ತಿದ ಕೈ ಎತ್ತಿದ ಹಾಗೇ ಇತ್ತು.

ಎಂಬತ್ತರ ಹತ್ತಿರವಿದ್ದ ಟೀಚರ್ ಕಾರಿನಿಂದ ಹೇಗೆ ಇಳಿದರೋ, ತಂಗಿಯನ್ನು ಸೆರಗು ಹಿಡಿದು ಹಿಂದಕ್ಕೆಳೆದರು. ಕಾರು ಒರೆಸಲು ನೆನೆಸಿಟ್ಟಿದ್ದ ಗೋಣಿಚೀಲವನ್ನು ಕೈಗೆ ಸುತ್ತಿಕೊಂಡು ಬಾನೆಟ್ಟನ್ನು ಧಡ್ ಎಂದು ಕೆಳಗೆ ಹಾಕಿದರು. ಮೂಲೆಮನೆಯ ಗಾರೆ ಕೆಲಸದವರು ಓಡಿಬಂದು ಬಾಣಲೆಗಟ್ಟಲೆ ಮರಳು ಎರಚಿದರು. ಆಯಿತು, ಅಷ್ಟೇ. ಹೂವು ಬಾಡುವಷ್ಟು ಹೊತ್ತೂ ಆಗಿರಲಿಲ್ಲ. ಚಿಕ್ಕಮ್ಮನ ಹುಬ್ಬು ಸೀದಿತ್ತು, ಮಣಿಕಟ್ಟಿನ ಮೇಲೆ ಬೊಬ್ಬೆ ಎದ್ದಿತ್ತು. ಟೀಚರಿಗೆ ಏನೂ ಆಗಿರಲಿಲ್ಲ.

ಈಗಲೂ ನಾನು ಅದನ್ನೇ ಮತ್ತೆ ಮತ್ತೆ ನೋಡುತ್ತಿರುತ್ತೇನೆ. ಬಸ್ಸಿನಲ್ಲಿ ಕೂತಾಗ, ಪರೀಕ್ಷೆಯ ಕೊಠಡಿಯಲ್ಲಿ ಸುಮ್ಮನೆ ಓಡಾಡುವಾಗ ಕಣ್ಣ ಮುಂದೆ ಬರುತ್ತದೆ. ಚಿಕ್ಕಮ್ಮ ಆ ದಿನ ಮೊದಲು ಉಟ್ಟಿದ್ದು ನೈಲಾನ್ ಸೀರೆ. ಹಬ್ಬದ ದಿನ ಇದೇನೇ ಎಂದು ಟೀಚರ್ ಗದರಿದ ಮೇಲೆ ರೇಷ್ಮೆ ಉಟ್ಟು ಬಂದಿದ್ದರು. ಅದಕ್ಕೆ ಸೆರಗಿಗೆ ಕಿಡಿ ಬಿದ್ದರೂ ಹತ್ತಿಕೊಳ್ಳಲಿಲ್ಲ. ಗದರದೇ ಇದ್ದಿದ್ದರೆ? ಮೂಲೆಮನೆಯವರು ಹಬ್ಬಕ್ಕೆಂದು ಕೆಲಸ ನಿಲ್ಲಿಸಿದ್ದರೆ? ಅಲ್ಲಿಂದ ಮುಂದಕ್ಕೆ ಮನಸ್ಸು ಹೋಗುವುದಿಲ್ಲ, ಭುಸ್ ಎಂಬ ಸದ್ದಿಗೇ ವಾಪಸಾಗುತ್ತದೆ...

ಮಾರನೆಯ ದಿನ ಚಾಮರಾಜಪೇಟೆಯಿಂದ ಮೇಸ್ತ್ರಿ ಬಂದರು. ಬಹಳ ಕಾಲದಿಂದ ಆ ಕಾರನ್ನು ನೋಡಿಕೊಳ್ಳುತ್ತಿದ್ದ ಗ್ಯಾರೇಜಿನವರು. ಸುಟ್ಟ ವೈರು, ಕರಗಿದ ಪೈಪು ಎಲ್ಲ ಸರಿ ಮಾಡಬಹುದು, ಇಂಜಿನ್ ಮಾತ್ರ ತನ್ನ ಕೈಲಾಗದು ಎಂದರು. ಬಿಚ್ಚಿದರೆ ಪೂರ್ತಿ ಬಿಚ್ಚಬೇಕು, ಸಿಲಿಂಡರು ಕೊರೆಸಬೇಕು, ಹೊಸ ಪಿಸ್ಟನ್ನು ಎಲ್ಲಿ ಸಿಗುತ್ತದೋ ದೇವರಿಗೇ ಗೊತ್ತು, ಎಷ್ಟು ತಿಂಗಳಾಗುತ್ತದೋ ಹೇಳಲಾಗುವುದಿಲ್ಲ. ಒಳಗೆ ಬಿರುಕಿದ್ದರೆ ಅಷ್ಟೂ ವ್ಯರ್ಥ. ಅವರಿಗೆ ಆ ಕೆಲಸ ಬೇಕಾಗಿರಲಿಲ್ಲ, ಅದನ್ನು ಮುಚ್ಚಿಡಲೂ ಇಲ್ಲ.

"ಟೀಚರಮ್ಮ, ಯಾವ್ದಾದ್ರೂ ವ್ಯಾನ್ ಇಂಜಿನ್ ಹಾಕ್ಬಿಡ್ತೀನಿ. ಹೊರಗಡೆ ನೋಡೋರ್ಗೆ ಏನೂ ಗೊತ್ತಾಗಲ್ಲ."

"ಒಳಗಡೆ ಕೂತಿರೋಳಿಗೆ ಗೊತ್ತಾಗುತ್ತಲ್ಲಪ್ಪ" ಎಂದರು ಟೀಚರ್.

ಇನ್ನೊಂದು ದಾರಿಯೂ ಇತ್ತು. ಮೈಸೂರು ರಸ್ತೆಯಲ್ಲಿ ಹೋಟೆಲು ಕಟ್ಟುತ್ತಿದ್ದವರೊಬ್ಬರು ಅದನ್ನು ಹಾಗೇ ಕೊಂಡು, ಬಾಗಿಲ ಮುಂದೆ ಕಟ್ಟೆಯ ಮೇಲೆ ನಿಲ್ಲಿಸುತ್ತೇವೆ ಎಂದು ಕೇಳಿದ್ದರು. ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರಂತೆ. ಇಂಜಿನ್ ಇಲ್ಲದಿದ್ದರೂ ಚಿಂತೆಯಿಲ್ಲವಂತೆ.

ಚಿಕ್ಕಮ್ಮ ಅದನ್ನೇ ಹಿಡಿದರು. ಆ ಕಾರು ಮನೆಯಲ್ಲಿದ್ದರೆ ತಾನಿರುವುದಿಲ್ಲ, ಎರಡರಲ್ಲಿ ಒಂದು ಆರಿಸಿಕೋ ಎಂದು ಅಕ್ಕನಿಗೆ ಹೇಳಿ, ನಾಲ್ಕು ಸೀರೆ ಚೀಲಕ್ಕೆ ತುಂಬಿಕೊಂಡು ಗವಿಪುರದಲ್ಲಿದ್ದ ದೊಡ್ಡಮ್ಮನ ಮಗಳ ಮನೆಗೆ ಹೊರಟುಬಿಟ್ಟರು. ಆದರೆ ಬೆಳಗಾದರೆ ಹಾಲಿನವನಿಗಿಂತ ಮುಂಚೆ ಬಂದು ಅಕ್ಕನಿಗೆ ಡಿಕಾಕ್ಷನ್ ಇಳಿಸಿ, ಸಾರು ಮಾಡಿಟ್ಟು, ಕಾರಿನ ಕಡೆ ಮುಖ ತಿರುಗಿಸಿಕೊಂಡು ಗೇಟು ದಾಟಿ ಹೋಗುತ್ತಿದ್ದರು. ಇದೆಂಥ ಮುನಿಸು ಚಿಕ್ಕಮ್ಮ ಎಂದು ನಾನು ಕೇಳಿದ್ದಕ್ಕೆ, ಮುನಿಸು ಕಾರಿನ ಮೇಲೆ, ಸಾರು ಕುಡಿಯೋದು ಅಕ್ಕ ಅಂದರು. ಹಾಗೆಂದಾಗ ಅವರ ದನಿ ಎಂದಿನ ಹಾಗಿರಲಿಲ್ಲ.

ಟೀಚರ್ ಆ ದಿನಗಳಲ್ಲಿ ಮಧ್ಯಾಹ್ನವೆಲ್ಲ ಸುಟ್ಟ ಕಾರಿನೊಳಗೆ ಸ್ಟೀರಿಂಗ್ ಹಿಂದೆ ಕೂತಿರುತ್ತಿದ್ದರು. ಒಂದು ದಿನ ನನ್ನನ್ನು ಪಕ್ಕದ ಸೀಟಿಗೆ ಕರೆದರು. ಸೀಟಿನ ತುದಿಯಲ್ಲೇ ಕೂತೆ, ಬಾಗಿಲು ಹಾಕಿಕೊಳ್ಳಲಿಲ್ಲ. ನೀನು ಅರ್ಥಶಾಸ್ತ್ರ ಕಲಿಸೋಳು, ಏನು ಮಾಡ್ಲಿ ಹೇಳು ಎಂದರು. ಮಾರಿಬಿಡಿ ಎಂದೆ. ಅವರ ವಯಸ್ಸು, ಮೇಸ್ತ್ರಿಯ ಅನುಮಾನ, ಸಿಗದ ಬಿಡಿಭಾಗ, ಅದೆಲ್ಲ ಮುಗಿದು ಕಾರು ಬಂದರೂ ಎಷ್ಟು ಕಾಲ ಓಡಿಸುತ್ತೀರಿ ಎಂಬುದು, ಎಲ್ಲವನ್ನೂ ತರಗತಿಯಲ್ಲಿ ಹೇಳುವ ಹಾಗೆ ಹೇಳಿದೆ. ಹೇಳುವಾಗಲೂ ನನ್ನ ಕಣ್ಣು ಬಾನೆಟ್ಟಿನ ಬೊಕ್ಕೆ ಎದ್ದ ಬಣ್ಣದ ಮೇಲೇ ಇತ್ತು.

ಅವರು ಪೂರ್ತಿ ಕೇಳಿಸಿಕೊಂಡರು. ಗಣಿತದವರಲ್ಲವೇ, ಒಂದೊಂದಕ್ಕೂ ತಲೆಯಾಡಿಸಿದರು. ಆಮೇಲೆ ಹೇಳಿದರು.

"ನೀನು ಹೇಳಿದ್ದೆಲ್ಲ ಸರಿಯಾಗೇ ಇದೆ ಕಣೇ. ಆದ್ರೆ ಇವಳಿಗೆ ಏನಾಗಿದೆ ಗೊತ್ತಾ? ತಾನು ಹಚ್ಚಿದ ಕರ್ಪೂರದಿಂದ ಅಕ್ಕನ ಕಾರು ಸುಟ್ಟೋಯ್ತು ಅಂತ ಕೂತಿದಾಳೆ. ಈಗ ನಾನು ಮಾರಿದ್ರೆ ಅದು ನಿಜ ಆಗ್ಬಿಡುತ್ತೆ. ಸಾಯೋವರ್ಗೂ ಕೊರಗ್ತಾಳೆ."

ಚಿಕ್ಕಮ್ಮನ ಕೋಪದ ಒಳಗೆ ಅದಿದೆ ಎಂದು ನನಗೆ ಹೊಳೆದೇ ಇರಲಿಲ್ಲ. ಟೀಚರ್ ಸ್ಟೀರಿಂಗ್ ಮೇಲೆ ಬೆರಳಾಡಿಸುತ್ತಾ, ಮಾಡಬಾರದ್ದನ್ನು ಮಾಡಿದವಳು ತಾನು, ಇಂಜಿನ್ ಸವೆದಿದೆ ಎಂದು ಗೊತ್ತಿದ್ದೂ ಅದನ್ನು ಬಿಚ್ಚಿಸುವ ಬದಲು ಉದ್ಧರಣೆಯಲ್ಲಿ ಕುಡಿಸಿ ಕುಡಿಸಿ ಕಾಲ ತಳ್ಳಿದೆ ಎಂದರು. ತನ್ನ ಕಾಲ ಮುಗಿಯುವವರೆಗೆ ಇದೂ ಹೇಗೋ ನಡೆಯಲಿ ಎಂಬ ಲೆಕ್ಕವಂತೆ. ಅದನ್ನು ಹೇಳಿ ಸ್ವಲ್ಪ ನಕ್ಕರು.

ಮಾರನೆಯ ಬೆಳಗ್ಗೆ ಡಿಕಾಕ್ಷನ್ ಇಳಿಸಲು ಬಂದ ಚಿಕ್ಕಮ್ಮನಿಗೆ ಅಕ್ಕ ಎಲ್ಲವನ್ನೂ ಹೇಳಿದರಂತೆ. ಏನು ಮಾತಾಡಿಕೊಂಡರೋ ನನಗೆ ಕೇಳಿಸಲಿಲ್ಲ. ಎದುರುಮನೆಯಿಂದ ಕಂಡಿದ್ದಿಷ್ಟು. ಚಿಕ್ಕಮ್ಮ ಕೆಂಪು ಕಣ್ಣು ಒರೆಸಿಕೊಳ್ಳುತ್ತಾ ಹೊರಗೆ ಬಂದು, ಕಾರಿನ ಬಂಪರಿಗೆ ಚಪ್ಪಲಿಯಿಲ್ಲದ ಕಾಲಲ್ಲಿ ಒಂದು ಒದ್ದು, ಒದ್ದ ಕಾಲನ್ನು ಹಿಡಿದುಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕೂತರು. ಸಾಯಂಕಾಲ ನಾಲ್ಕು ಸೀರೆಯ ಚೀಲ ಗವಿಪುರದಿಂದ ವಾಪಸು ಬಂತು.

ಇಂಜಿನ್ ಪೂರ್ತಿ ಬಿಚ್ಚಲು ಮೇಸ್ತ್ರಿ ಗೊಣಗುತ್ತಲೇ ಒಪ್ಪಿದರು. ಇಂಜಿನ್ ಇಳಿಸಿ ಚಾಮರಾಜಪೇಟೆಯ ಶೆಡ್ಡಿಗೆ ಒಯ್ದರು. ಆಮೇಲಿನ ತಿಂಗಳುಗಳು ನನ್ನ ನೆನಪಿನಲ್ಲಿ ಬೇರೆ ಬೇರೆಯಾಗಿ ನಿಂತಿಲ್ಲ. ಹಳೆಯ ಸಾಮಾನಿನ ಅಂಗಡಿಗಳಿಗೆ ಅಲೆದಿದ್ದು, ಸಿಕ್ಕಿತು ಎಂದುಕೊಂಡ ಪಿಸ್ಟನ್ನು ಅಳತೆಗೆ ಹೊಂದದೆ ಹೋಗಿದ್ದು, ಕೊನೆಗೆ ಕೊಯಮತ್ತೂರಿನಿಂದ ಒಂದು ಜೊತೆ ತರಿಸಿದ್ದು. ಟೀಚರ್ ವಾರಕ್ಕೊಮ್ಮೆ ಆಟೋದಲ್ಲಿ ಶೆಡ್ಡಿಗೆ ಹೋಗಿ ಸ್ಟೂಲಿನ ಮೇಲೆ ಕೂರುತ್ತಿದ್ದರು. ನಾನೂ ಕೆಲವು ಸಲ ಹೋಗಿದ್ದೆ. ಸಿಲಿಂಡರು ಕೊರೆಸಿ ತಂದ ದಿನ ಅದರ ಒಳಗೋಡೆ ಹೊಸ ಸ್ಟೀಲು ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ಟೀಚರ್ ಒಳಗೆ ಬೆರಳಿಟ್ಟು ಸುತ್ತಲೂ ಸವರಿ, ನೀನೂ ನೋಡು ಎಂದರು. ತಣ್ಣಗೆ ನುಣ್ಣಗಿತ್ತು. ಬೆಂಕಿಯ ಮೇಲೆ ನನಗಿದ್ದ ಹೆದರಿಕೆ ಹೋಗಲಿಲ್ಲ, ಆದರೆ ಆ ಲೋಹದ ಮೇಲಿದ್ದ ಸಿಟ್ಟು ಹೋಯಿತು.

ಚಿಕ್ಕಮ್ಮ ಒಂದು ದಿನವೂ ಶೆಡ್ಡಿಗೆ ಬರಲಿಲ್ಲ. ಮೇಸ್ತ್ರಿಗೆಂದು ಚಿತ್ರಾನ್ನ ಮಾತ್ರ ಕಳಿಸುತ್ತಿದ್ದರು. "ಚಿತ್ರಾನ್ನ ತಿನ್ನಿಸಿ ತಿನ್ನಿಸಿ ಕೆಲ್ಸ ಮಾಡಿಸ್ಕೊಳ್ತಿದೀರ" ಎಂದು ಮೇಸ್ತ್ರಿ ಡಬ್ಬಿ ತೊಳೆದು ಕೊಡುತ್ತಿದ್ದರು.

ಕಾರು ಮನೆಗೆ ಬಂದ ಬೆಳಗ್ಗೆ ಟೀಚರ್ ಸೀಟಿನಲ್ಲಿ ಕೂತು ಸ್ಟಾರ್ಟರ್ ಒತ್ತಿದರು. ಒಂದೇ ಸಲಕ್ಕೆ ಎದ್ದಿತು. ಕೆಮ್ಮಿಲ್ಲ, ಹೊಗೆಯಿಲ್ಲ, ಸಮನಾದ ಮೆಲುದನಿ. ಟೀಚರ್ ಬಹಳ ಹೊತ್ತು ಎಲ್ಲಿಗೂ ಹೊರಡದೆ ಅದನ್ನು ಕೇಳುತ್ತಾ ಕೂತಿದ್ದರು. ಚಿಕ್ಕಮ್ಮ ಅಡಿಗೆಮನೆಯ ಕಿಟಕಿಯಲ್ಲಿ ನಿಂತಿದ್ದರು.

ಹೊಸದಾಗಿ ಕಟ್ಟಿದ ಇಂಜಿನ್ನನ್ನು ಕೂಡಲೇ ಜೋರಾಗಿ ಓಡಿಸುವ ಹಾಗಿಲ್ಲವಂತೆ. ಒಳಗಿನ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವವರೆಗೆ ಮೈಲಿಗಟ್ಟಲೆ ನಿಧಾನವಾಗಿ, ವೇಗದ ಮುಳ್ಳು ಮೂವತ್ತು ದಾಟದ ಹಾಗೆ ಓಡಿಸಬೇಕು. ರನ್ನಿಂಗ್ ಇನ್ ಎನ್ನುತ್ತಾರೆ. ಹೊಸ ಇಂಜಿನ್ ಕಾರುಗಳಿಗೆಲ್ಲ ಹಿಂದೆ ಹಾಗೊಂದು ಚೀಟಿ ಅಂಟಿಸಿರುತ್ತಿದ್ದರಂತೆ. ಟೀಚರೂ ಹಿಂದಿನ ಗಾಜಿಗೆ ತಮ್ಮ ದುಂಡು ಅಕ್ಷರದಲ್ಲಿ ಬರೆದು ಅಂಟಿಸಿದರು. ಅದರ ಅರ್ಥ ಈಗಿನ ಯಾರಿಗೂ ಗೊತ್ತಿರಲಿಲ್ಲ. ಬುಲ್ ಟೆಂಪಲ್ ರಸ್ತೆಯಲ್ಲಿ ನಮ್ಮ ಹಿಂದೆ ಹಾರನ್ನುಗಳ ಮೆರವಣಿಗೆ. ಒಬ್ಬ ಆಟೋದವನು ಪಕ್ಕಕ್ಕೆ ಬಂದು, "ಅಜ್ಜಿ, ತಳ್ಬೇಕಾ?" ಎಂದು ಕೇಳಿದ. "ಬೇಡಪ್ಪ, ನಿನ್ನ ಗಾಡಿಗೂ ವಯಸ್ಸಾಗುತ್ತೆ, ಆಗ ಗೊತ್ತಾಗುತ್ತೆ, ಹೋಗು" ಎಂದರು ಟೀಚರ್, ಮುಳ್ಳಿನಿಂದ ಕಣ್ಣು ತೆಗೆಯದೆ.

ಮೊದಮೊದಲು ಜೊತೆಗೆ ಕೂರುತ್ತಿದ್ದವಳು ನಾನು. ಕೈ ಯಾವಾಗಲೂ ಬಾಗಿಲ ಹಿಡಿಯ ಮೇಲೆ. ಆಮೇಲೆ ಒಂದು ಬೆಳಗ್ಗೆ ಚಿಕ್ಕಮ್ಮ ಬಣ್ಣದ ಖಾಲಿ ಡಬ್ಬದ ತುಂಬ ಮರಳು ಹೊತ್ತುಕೊಂಡು ಬಂದು ಹಿಂದಿನ ಸೀಟಿನಲ್ಲಿ ಕೂತರು. ಡಬ್ಬ ಕಾಲ ಸಂದಿಯಲ್ಲಿ.

"ಏನೇ ಅದು?" ಎಂದರು ಟೀಚರ್.

"ಬೆಂಕಿ ಏನಾದ್ರೂ ಹತ್ತಿದ್ರೆ ಮೊದ್ಲು ನಿನ್ ತಲೆ ಮೇಲೆ ಸುರೀತೀನಿ. ಆಮೇಲೆ ಕಾರಿಗೆ. ನಡಿ."

ಕೆಲವು ವಾರ ನಾವು ಮೂವರೂ ಮರಳೂ ಬಸವನಗುಡಿಯ ಬೀದಿಗಳನ್ನು ಸುತ್ತಿದೆವು. ಅಷ್ಟು ನಿಧಾನಕ್ಕೆ ಹೋದರೆ ಊರು ಬೇರೆಯಾಗಿ ಕಾಣುತ್ತದೆ. ಯಾವ ಮನೆಯ ಮುಂದೆ ಯಾರು ರಂಗೋಲಿ ಇಡುತ್ತಿದ್ದಾರೆ, ಯಾವ ಸಂಪಿಗೆ ಮರ ಹೂಬಿಟ್ಟಿದೆ ಎಂದು ಚಿಕ್ಕಮ್ಮ ವರದಿ ಕೊಡುತ್ತಿದ್ದರು. ಬರುಬರುತ್ತಾ ಅವರೇ ಮುಂದಿನ ಸೀಟಿಗೆ ಬಂದು ಮುಳ್ಳು ಕಾಯತೊಡಗಿದರು, ನಾನು ಹಿಂದಕ್ಕೆ ಹೋದೆ. ಮರಳಿನ ಡಬ್ಬ ಒಂದು ದಿನ ಮನೆಯಲ್ಲೇ ಉಳಿಯಿತು. ಆಮೇಲೆ ಭಾನುವಾರದ ಕಲಾಸಿಪಾಳ್ಯ ಶುರುವಾಯಿತು, ನನಗೆ ಕೂರಲು ಜಾಗವೇ ಇರಲಿಲ್ಲ. ಬೀದಿಗೆ ಮತ್ತೆ ಸೋರೆಕಾಯಿ ಬಂತು. ನೋಡಿದರೆ ಅದೇ ನನಗೆ ಸಮಾಧಾನ. ಆ ಬೆಂಕಿಯನ್ನು ಮರೆಯಲಾಗದಿದ್ದರೂ, ಅದರ ಪಕ್ಕದಲ್ಲಿ ಇಡಲು ಈ ಬೆಳಗುಗಳು ನನಗೆ ಸಿಕ್ಕವು.

ಟೀಚರ್ ಹೋಗಿದ್ದು ಮುಂದಿನ ಚಳಿಗಾಲದಲ್ಲಿ. ಒಂದು ಜ್ವರ, ಆಸ್ಪತ್ರೆಯಲ್ಲಿ ಕೆಲವು ದಿನ, ಅಷ್ಟೇ... ಮೇಸ್ತ್ರಿ ಹೇಳಿದ್ದ ಮೈಲಿಗಳಲ್ಲಿ ಇನ್ನೂ ಸ್ವಲ್ಪ ಬಾಕಿಯಿತ್ತು. ಮುಳ್ಳು ಮೂವತ್ತು ದಾಟಿರಲಿಲ್ಲ.

ತಿಂಗಳು ಕಳೆದ ಮೇಲೆ ಚಿಕ್ಕಮ್ಮ ಮೇಸ್ತ್ರಿಗೆ ಹೇಳಿಕಳಿಸಿದರು. ಮಾರಲು ಎಂದುಕೊಂಡು ಅವರು ಬಂದರೆ, ಉಳಿದ ಮೈಲಿ ಓಡಿಸಿ ಮುಗಿಸು, ಪಕ್ಕದಲ್ಲಿ ನಾನು ಕೂರ್ತೀನಿ ಎಂದರಂತೆ. ಇಬ್ಬರೂ ಬೆಳಗ್ಗೆ ಹೊರಡುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಮೇಸ್ತ್ರಿಯ ಕಾಲು ಸ್ವಲ್ಪ ಭಾರವಾದರೂ ಚಿಕ್ಕಮ್ಮ ಬಿಡುತ್ತಿರಲಿಲ್ಲವಂತೆ. ಇಷ್ಟು ಬೈಸಿಕೊಂಡು ತಾನು ಎಂದೂ ಗಾಡಿ ಓಡಿಸಿಲ್ಲ ಎಂದು ಅವರು ನನ್ನ ಹತ್ತಿರ ದೂರಿದ್ದರು. ಮೈಲಿ ಮುಗಿದ ಮೇಲೆ ಕಾರನ್ನು ಮೈಸೂರಿನ ಡಾಕ್ಟರೊಬ್ಬರಿಗೆ ಕೊಟ್ಟರು. ಓಡಿಸುವವರಿಗೇ ಕೊಡಬೇಕೆಂಬುದೊಂದೇ ಚಿಕ್ಕಮ್ಮನ ಷರತ್ತು.

ನಾನೀಗ ಇರುವುದು ಚಾಮರಾಜಪೇಟೆಯಲ್ಲಿ. ಈ ಆಯುಧಪೂಜೆಯ ಸಾಯಂಕಾಲ ಮನೆಗೆ ಹೋಗಲು ಮನಸ್ಸಾಗದೆ ಸೀದಾ ಚಿಕ್ಕಮ್ಮನನ್ನು ನೋಡಲು ಹೋದೆ. ಕಾರಿದ್ದ ಜಾಗದಲ್ಲಿ ತುಳಸಿ, ದೊಡ್ಡಪತ್ರೆಯ ಕುಂಡಗಳು. ಮೂಲೆಮನೆ ಮೂರು ಮಹಡಿಯಾಗಿದೆ. ಚಿಕ್ಕಮ್ಮ ಕಾಫಿ ಕೊಟ್ಟು, ನನ್ನ ಮುಖ ನೋಡಿ, ಇನ್ನೂ ಹೆದರ್ತೀಯೇನೇ ಎಂದು ಕೇಳಿದರು. ಹೌದು ಎಂದೆ. ತಾನೂ ಕರ್ಪೂರ ಹಚ್ಚುವುದನ್ನು ಬಿಟ್ಟಿದ್ದೇನೆ, ಈಗ ದೇವರಿಗೆ ತುಪ್ಪದ ಬತ್ತಿಯಲ್ಲೇ ಆರತಿ ಎಂದರು.

ಆಮೇಲೆ ಹೇಳಿದರು. ಬೆಳಗ್ಗೆ ಮೈಸೂರಿನ ಡಾಕ್ಟರು ಫೋನು ಮಾಡಿದ್ದರಂತೆ. ಪೂಜೆ ಮಾಡಿ ಕಾರನ್ನು ಚಾಮುಂಡಿ ಬೆಟ್ಟ ಹತ್ತಿಸಿದರಂತೆ. ಎಲ್ಲೂ ನಿಲ್ಲದೆ ಹೂವೆತ್ತಿದ ಹಾಗೆ ಹತ್ತಿತಂತೆ. ಈ ಇಂಜಿನ್ನನ್ನು ಇಷ್ಟು ತಾಳ್ಮೆಯಿಂದ ಪಳಗಿಸಿದವರು ಯಾರು, ಅವರ ಹತ್ತಿರ ಒಂದು ಮಾತಾಡಬೇಕಿತ್ತು ಎಂದರಂತೆ.

"ನೀವೇನಂದ್ರಿ?"

"ನಮ್ಮಕ್ಕ, ಈಗಿಲ್ಲ ಅಂದೆ."

ಲೋಟದ ತಳದಲ್ಲಿದ್ದ ಕಾಫಿಯನ್ನು ಅವರು ಸುಮ್ಮನೆ ಆಡಿಸುತ್ತಿದ್ದರು. ಹೊರಗೆ ಯಾರೋ ಬೂದುಗುಂಬಳ ಒಡೆದ ಸದ್ದಾಯಿತು.

"ಅಕ್ಕನ್ನ ಮೂವತ್ತು ದಾಟ್ಬೇಡ, ದಾಟ್ಬೇಡ ಅಂತ ದಿನಾ ಪಕ್ಕದಲ್ಲಿ ಕೂತು ಬಯ್ತಿದ್ದೆ ಕಣೇ. ಒಂದೇ ಒಂದ್ಸಲ, ಹೋಗ್ಲಿ ಜೋರಾಗಿ ಓಡ್ಸು ಅಂತ ಅನ್ಬಹುದಿತ್ತು. ಏನೂ ಆಗ್ತಿರ್ಲಿಲ್ಲ ಅಲ್ವಾ?"

ಏನೂ ಆಗುತ್ತಿರಲಿಲ್ಲ ಚಿಕ್ಕಮ್ಮ ಎಂದೆ.